ಶಟರ್ ಎಳೆದದ್ದು ಯಾರು?

‘ಇವರು ಏನು ಉಸಿರಾಡಿದ್ದಾರೆ?’ ಡಾಕ್ಟರಮ್ಮ ಕೇಳಿದರು.

‘ಏನೂ ಇಲ್ಲ ಮೇಡಂ. ಮಧ್ಯಾಹ್ನ ಉಂಡಿರ್ಲಿಲ್ಲ, ಅದ್ಕೇ ಸುಸ್ತು’ ಅಂದೆ.

ಸುಳ್ಳು.

ಕೊಳ್ಳೇಗಾಲದ ನನ್ನ ಗ್ಯಾರೇಜು ನಿಮಗೆ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತೇನೆ ಅಂತ ಈ ಅಂಕಣದಲ್ಲೇ ಎಷ್ಟು ಸಲ ಕೊಚ್ಚಿಕೊಂಡಿಲ್ಲ! ಆಸ್ಪತ್ರೆಯ ಮಂಚದ ಮೇಲೆ ಬಿದ್ದಿದ್ದವನು ಮಾದೇವ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಸ್ಪ್ಯಾನರ್ ಹಿಡಿದವನು.

ಆದದ್ದು ಇಷ್ಟು. ಕಳೆದ ಗುರುವಾರ ಹಳೇ ಇಂಜಿನ್ ಆಯಿಲ್ಲಿನ ಡ್ರಮ್ಮು ಉರುಳಿ ನೆಲವೆಲ್ಲ ಕರ್ರಗಾಯಿತು. ಮಾದೇವ ಮರದ ಹೊಟ್ಟು ತರಲು ಹೊರಟ. ನಮ್ಮ ಹಳೇ ಕ್ರಮ ಅದೇ. ಹೊಟ್ಟು ಚೆಲ್ಲು, ಆಯಿಲ್ ಹೀರಲಿ, ಗುಡಿಸು. ನಾನು ತಡೆದೆ. ಶುಕ್ರವಾರದ ಪೂಜೆಗೆ ನೆಲ ಫಳಫಳ ಅನ್ನಬೇಡವೇ? ಆಯಿಲ್ ಕರಗಿಸುವ ಕೆಮಿಕಲ್ ಕ್ಯಾನ್ ತಂದಿಟ್ಟಿದ್ದೆ. ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. (ಯಾರಿಂದಲಾದರೂ ಓದಿಸಬಹುದಿತ್ತು. ಓದಿಸಿದರೆ ನನಗೆ ಇಂಗ್ಲಿಷ್ ಓದಲು ಬರಲ್ಲ ಅಂತ ಗೊತ್ತಾಗುತ್ತದಲ್ಲ!)

ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳ ಧೂಳು ಒದ್ದೆ ನೆಲಕ್ಕೆ ಕೂರಬಾರದೆಂದು ಶಟರ್ ಎಳೆದುಬಿಟ್ಟೆ. ನಾನು ಕಿಟಕಿ ಪಕ್ಕ ನಿಂತು ನೀರು ಬಿಟ್ಟೆ. ಮಾದೇವ ಕೆಮಿಕಲ್ ಸುರಿದು ಮೊಣಕಾಲೂರಿ ಉಜ್ಜಿದ.

‘ಅಣ್ಣ, ತಲೆ ಸುತ್ತತದೆ. ಎದೆ ಬ್ಯಾರೆ ಡವಡವ ಒಡ್ಕತದೆ ಕಣಣ್ಣ.’

‘ಲೇ, ನಿನ್ನೆ ಎಷ್ಟ್ ಆಕಿದ್ಲಾ?’

‘ಮಾದಪ್ಪನಾಣೆ, ಒಂದ್ ತೊಟ್ಟೂ ಇಲ್ಲ.’

‘ಅಂಗಾರೆ ಮದ್ವೆ ಹೆಣ್ಣಂಗೆ ಆಡ್ಬ್ಯಾಡ ಕಣ್ಲಾ. ಉಜ್ಜು.’

ಉಜ್ಜಿದ. ಐದೇ ನಿಮಿಷ. ಬ್ರಷ್ ಕೈಯಲ್ಲಿರುವಂತೆಯೇ ಪಕ್ಕಕ್ಕೆ ವಾಲಿದ.

ಆಸ್ಪತ್ರೆಯಲ್ಲಿ ನನ್ನ ಸುಳ್ಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಅಂಗಿಯೇ ಕೆಮಿಕಲ್ ನಾತ ಹೊಡೆಯುತ್ತಿತ್ತು. ‘ನೀವು ನಿಜ ಹೇಳಿದ್ರೆ ನಾವು ಇವರಿಗೆ ಸರಿಯಾದ ಚಿಕಿತ್ಸೆ ಕೊಡ್ಬಹುದು’ ಅಂದರು ಡಾಕ್ಟರಮ್ಮ. ಹೇಳಿದೆ. ಓಡಿಹೋಗಿ ಕ್ಯಾನ್ ತಂದೆ. ಅವರು ಕನ್ನಡದಲ್ಲಿ ಓದಿ ಹೇಳಿದರು: ಗಾಳಿಯಾಡುವ ಕಡೆ ಮಾತ್ರ ಬಳಸಿ. ಆವಿ ಉಸಿರಾಡಬೇಡಿ.

ಅಷ್ಟೇ. ಎರಡು ಸಾಲು. (ಇಂಗ್ಲಿಷ್ ಓದಲು ಬರುವ ನೀವು ಬಾತ್‌ರೂಮಿಗೆ ಸುರಿಯುವ ಬಾಟಲಿಯ ಮೇಲಿನದ್ದನ್ನು ಓದಿದ್ದೀರಾ?)

‘ಆವಿ ಶ್ವಾಸಕೋಶದಲ್ಲೇ ನಿಲ್ಲಲ್ಲ, ರಕ್ತಕ್ಕೆ ಸೇರುತ್ತೆ. ಕೆಲವು ಕೆಮಿಕಲ್ ಹೃದಯದ ಬಡಿತಾನೇ ಏರುಪೇರು ಮಾಡ್ತವೆ’ ಅಂದರು. ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಕರಗಿಸಲು ಹೊಡೆಯುವ ಕೆಮಿಕಲ್ಲು ಉಸಿರಾಡಿದರೂ ಹೃದಯಕ್ಕೆ, ರಕ್ತನಾಳಕ್ಕೆ ತೊಂದರೆಯಾಗಬಹುದಂತೆ. ಅಷ್ಟು ಬಯಲಿನ ಗಾಳಿಯಲ್ಲೇ ಆ ಭಯವಿದ್ದರೆ, ಶಟರ್ ಎಳೆದ ಗ್ಯಾರೇಜಿನಲ್ಲಿ?

ಎರಡು ದಿನ ಮಾನಿಟರಿನ ಗೆರೆ ನೋಡುತ್ತಾ ಕೂತೆ. ಇಂಜಿನ್ ಕೆಮ್ಮಿದರೆ ಎದ್ದು ಓಡುವವನು ನಾನು. ಎದೆ ಒಡ್ಕತದೆ ಅಂತ ಮನುಷ್ಯ ಬಾಯಿಬಿಟ್ಟು ಹೇಳಿದಾಗ ನಕ್ಕಿದ್ದೆ.

ಮೂರನೇ ದಿನ ಬಡಿತ ಹದಕ್ಕೆ ಬಂತು. ಅವನ ಹೆಂಡತಿ ಕೇಳಿದಳು, ‘ಅದ್ಯಾಕಂಗೆ ಬಾಗ್ಲು ಆಕ್ಕಂಡು ತೊಳುದ್ರಿ?’

ಮಾದೇವ ನನ್ನತ್ತ ಒಂದು ಸಲ ನೋಡಿದ. ‘ನಾನೇ ಕಣಮ್ಮಿ ಶಟ್ರು ಎಳುದ್ದು. ಅಣ್ಣ ಬ್ಯಾಡ ಅಂತ್ಲೇ ಅಂದ್ರು.’

ಅವಳು ನನಗೆ ಕೈಮುಗಿದಳು. ‘ನೀವಿಲ್ದಿದ್ರೆ ನಮ್ಮೆಜಮಾನ್ರು ಉಳೀತಿರ್ಲಿಲ್ಲ ಕಣಣ್ಣ.’

ಅವತ್ತು ಆಡಲಾಗದ್ದನ್ನು ಇವತ್ತು ಊರೆಲ್ಲ ಓದುವಂತೆ ಬರೆದಿದ್ದೇನೆ. ತಂಗಿ, ಶಟರ್ ಎಳೆದದ್ದು ನಾನು. ಈಗಲೂ ಕೈಮುಗಿಯುತ್ತೀಯಾ?