ಅಂಗೈಗೆ ಒಪ್ಪುವ ನೆಲ

ಕೊರೊನಾ ಕಳೆದು ಜನ ಮತ್ತೆ ಮನೆ ಕಟ್ಟಿಸಲು ಮನಸ್ಸು ಮಾಡಿದ ವರ್ಷ. ನಾನಾಗ ದಾವಣಗೆರೆಯಲ್ಲಿ ನೆಲ ಹಾಸುವ ಕೆಲಸದ ಗುತ್ತಿಗೆದಾರ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಲ್ಲು, ಟೈಲ್ಸ್ ಇಡುವ ಗೋದಾಮಿತ್ತು. ಜೊತೆಗೆ ಮೇಸ್ತ್ರಿ ಸಿದ್ದಪ್ಪ ಮತ್ತು ಅವರ ತಂಡ. ದಾವಣಗೆರೆ, ಹರಿಹರಗಳಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ನೆಲ ಹಾಸಿದ್ದೇನೆ. ಆದರೂ ನಿಮ್ಮ ಕೆಲಸ ತೋರಿಸಿ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ದೇವರಾಜ ಅರಸು ಬಡಾವಣೆಯ ಒಂದು ಸಾಧಾರಣ ಮನೆ.

ಮನೆಯೊಡತಿ ರತ್ನಮ್ಮ, ಕೊಕ್ಕನೂರಿನ ರೈತ ಕುಟುಂಬದವರು. ಪೋಲಿಯೊದಿಂದ ಚಿಕ್ಕಂದಿನಲ್ಲೇ ಎರಡೂ ಕಾಲಿನ ಶಕ್ತಿ ಹೋಗಿತ್ತು. ಹೊರಗೆ ಓಡಾಡಲು ಮೂರು ಗಾಲಿಯ ಸ್ಕೂಟರ್ ಇತ್ತು. ಮನೆಯೊಳಗೆ ಕೂತುಕೊಂಡೇ, ಅಂಗೈ ಊರಿ ಸರಿಯುತ್ತಿದ್ದರು. ರವಿಕೆ ಹೊಲಿದು, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ, ಸ್ವಂತ ದುಡಿಮೆಯಲ್ಲೇ ಆ ಮನೆ ಎಬ್ಬಿಸಿದ್ದರು. ತಾಯಿ ಗಂಗಮ್ಮ ಅವರೊಂದಿಗೇ ಇದ್ದರು.

ಅಳತೆ ತೆಗೆಯಲು ಹೋದ ದಿನ ಮೊದಲು ಸಿಕ್ಕಿದ್ದು ರತ್ನಮ್ಮನವರ ತಮ್ಮ ಬಸವರಾಜ. "ಮುಖ ಕಾಣಂಗೆ ಹೊಳೀಬೇಕ್ರಿ. ಎಲ್ಲಾ ರೂಮಿಗೂ ಒಂದೇ ಟೈಲ್ಸ್ ಬಡಿದುಬಿಡ್ರಿ" ಎಂದ. ಅಕ್ಕನ ಮನೆ ಬಡಾವಣೆಯಲ್ಲೇ ಚೆಂದ ಕಾಣಬೇಕೆಂಬ ಆಸೆ ಅವನದು.

ಅಷ್ಟರಲ್ಲಿ ರತ್ನಮ್ಮ ಬಂದರು. ಸ್ಕೂಟರಿನಿಂದಿಳಿದು, ಎರಡೂ ಕೈಗೆ ಹವಾಯಿ ಚಪ್ಪಲಿ ತೊಟ್ಟು, ಒರಟು ಕಾಂಕ್ರೀಟಿನ ಮೇಲೆ ನಮ್ಮತ್ತ ಸರಿದರು.

"ಎಲ್ಲಾರೂ ಕಾಲಿಗೆ ನೆಲ ಹಾಕಿಸ್ತಾರ್ರಿ. ನನಗೆ ಕೈಗೆ ಹಾಕಿಕೊಡ್ರಿ. ನನ್ನ ಮನ್ಯಾಗೆ ನಾನು ಬರಿಗೈಲಿ ಓಡಾಡಬೇಕು."

ಅಂಥ ಬೇಡಿಕೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಳತೆಯ ಟೇಪು ಮಡಚಿಟ್ಟು ಅವರನ್ನು ಗೋದಾಮಿಗೆ ಬರಹೇಳಿದೆ.

ಅಲ್ಲಿ ಬಗೆಬಗೆಯ ಟೈಲ್ಸು, ಕಲ್ಲುಗಳನ್ನು ನೆಲದ ಮೇಲೆ ಹರಡಿ ನೀರು ಚೆಲ್ಲಿದೆ. ರತ್ನಮ್ಮ ಒಂದೊಂದರ ಮೇಲೂ ಸರಿದು ನೋಡಿದರು. ಕನ್ನಡಿಯಂಥ ಟೈಲ್ಸ್ ಮೇಲೆ ಒದ್ದೆ ಅಂಗೈ ಜಾರಿತು. ಅಂಗಳಕ್ಕೆ ಹಾಕುವ ಒರಟು ಟೈಲ್ಸ್ ಚರ್ಮ ಕೆರೆಯಿತು. ಹಾಲ್‌ಗೆ ಹೊಳಪಿಲ್ಲದ, ನುಣುಪಾದರೂ ಕೈ ಜಾರದ ಮ್ಯಾಟ್ ವಿಟ್ರಿಫೈಡ್ ಟೈಲ್ಸ್ ಒಪ್ಪಿದರು. ಎಣ್ಣೆ, ಅರಿಶಿಣ ಬೀಳುವ ಅಡುಗೆಮನೆಗೂ ಅದನ್ನೇ, ಸ್ವಲ್ಪ ಗಾಢ ಬಣ್ಣದಲ್ಲಿ ಆರಿಸಿದೆ. ಸಂದುಗಳಿಗೆ ಕಲೆ ಹೀರದ ಎಪಾಕ್ಸಿ ಗ್ರೌಟ್. ಅದನ್ನು ಟೈಲ್ಸಿನ ಮಟ್ಟಕ್ಕೇ ತುಂಬಿದರೆ ಬೆರಳಿಗೆ ಸಂದು ತಾಕುವುದಿಲ್ಲ. ಹೊಲಿಗೆ ಕೋಣೆಗೆ ನಾನು ಚುಕ್ಕೆ ಗ್ರಾನೈಟ್ ತೋರಿಸಿದೆ. ಅವರು ನಗುತ್ತಾ ಸೆರಗಿನ ಪಿನ್ನು ತೆಗೆದು ಅದರ ಮೇಲೆ ಹಾಕಿದರು. "ಕಾಣ್ತೈತೇನ್ರಿ? ಬಿದ್ದ ಸೂಜಿ ಕಾಣಲಿಲ್ಲ ಅಂದ್ರೆ ಅದು ನನ್ನ ಕೈಗೇ ಚುಚ್ಚೋದು." ಆ ಕೋಣೆಗೆ ಗೆರೆ, ಚುಕ್ಕೆ ಇಲ್ಲದ ತಿಳಿ ಬಣ್ಣ ನಿಗದಿಯಾಯಿತು.

ಹೊಸ್ತಿಲುಗಳನ್ನು ತೆಗೆಯೋಣ ಎಂದಾಗ ಗಂಗಮ್ಮ ಸುತರಾಂ ಒಪ್ಪಲಿಲ್ಲ. "ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಹೆಂಗೆ ಬರ್ತಾಳಪ್ಪಾ?"

"ಹೊಸ್ತಿಲು ಇರ್ತೈತೆ ತಾಯಿ. ನೆಲದ ಮಟ್ಟಕ್ಕೇ ಕೂರಿಸ್ತೀನಿ" ಎಂದೆ.

ಅವರು ಮಗಳ ಕಡೆ ನೋಡಿದರು. "ಅರಿಶಿಣ ಕುಂಕುಮ ಹಚ್ಚಾಕೆ ಜಾಗ ಇದ್ರೆ ಸಾಕು ಬಿಡು" ಎಂದರು. ತಲೆಬಾಗಿಲಿಗೆ ಕಪ್ಪು ಗ್ರಾನೈಟಿನ ಪಟ್ಟಿಯನ್ನು ನೆಲಕ್ಕೆ ಸಮನಾಗಿ ಹೂಳಿದೆವು.

ಕಷ್ಟ ಎದುರಾದದ್ದು ಹಾಲ್‌ನಲ್ಲಿ. ಬಸವರಾಜನ ಇಷ್ಟದಂತೆ ಉದ್ದನೆಯ ಟೈಲ್ಸನ್ನು ಇಟ್ಟಿಗೆ ಗೋಡೆಯ ಹಾಗೆ ಒಂದರ ನಡುವಿಗೆ ಇನ್ನೊಂದರ ಅಂಚು ಬರುವಂತೆ ಜೋಡಿಸುತ್ತಿದ್ದೆವು. ಉದ್ದ ಟೈಲ್ಸ್ ಕಾರ್ಖಾನೆಯ ಭಟ್ಟಿಯಲ್ಲಿ ಸುಡುವಾಗ ನಡುವೆ ಕೂದಲೆಳೆಯಷ್ಟು ಉಬ್ಬುತ್ತದೆ. ಹಾಗಾಗಿ ಒಂದರ ಉಬ್ಬಿದ ನಡುವಿನ ಪಕ್ಕಕ್ಕೆ ಇನ್ನೊಂದರ ತಗ್ಗಿದ ತುದಿ ಬಂದು, ಅಲ್ಲಿ ಅಂಚು ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣದು, ಚಪ್ಪಲಿ ಕಾಲಿಗೆ ತಿಳಿಯದು. ಮೊದಲ ಸಾಲುಗಳು ಮುಗಿದಾಗ ನಾನು ನೆಲಕ್ಕೆ ಕೂತು, ಅಂಗೈ ಊರಿ ಸರಿದೆ. ಅಂಚು ಕೈಗೆ ಸಿಕ್ಕಿತು.

"ಸಿದ್ದಪ್ಪ, ಗಮ್ಮು ಒಣಗೋದ್ರೊಳಗೆ ಎಲ್ಲಾ ಎಬ್ಬಿಸ್ರಿ."

ಬಸವರಾಜ ಕೂಗಾಡಿದ. "ಗೃಹಪ್ರವೇಶಕ್ಕೆ ಊರೆಲ್ಲಾ ಕರೆದೀವಿ! ಅಷ್ಟು ಸಣ್ಣದು ಯಾರಿಗ್ರಿ ಕಾಣ್ತೈತೆ?"

"ನಿಮ್ಮಕ್ಕನ ಕೈಗೆ" ಎಂದೆ. ಅವನು ಕೂತು ತಾನೇ ಕೈ ಆಡಿಸಿದ. ಆಮೇಲೆ ಎಬ್ಬಿಸಿದ ಟೈಲ್ಸ್ ಉಜ್ಜಿ ತೊಳೆಯಲು ನಮ್ಮೊಂದಿಗೇ ನಿಂತ. ಅಂಚಿಗೆ ಅಂಚು ನೇರ ಸೇರುವ ಹಾಗೆ, ಮಟ್ಟ ಹಿಡಿಯುವ ಕ್ಲಿಪ್ ಹಾಕಿ ಹೊಸದಾಗಿ ಕೂರಿಸಿದೆವು.

ಬಚ್ಚಲಿಗೂ ಮೆಟ್ಟಿಲಿಲ್ಲ. ಬಾಗಿಲಿನಿಂದಲೇ ಒಳಕ್ಕೆ ಇಳಿಜಾರು ಕೊಟ್ಟು, ಅದನ್ನೂ ಮೀರಿ ಬರುವ ನೀರು ಇಳಿದುಹೋಗಲು ಬಾಗಿಲಗುಂಟ ಉದ್ದ ಜಾಲರಿ ಕೂರಿಸಿದ್ದೆ. ನೀರು ಹೊರಗೆ ಬಂದೇ ಬರುತ್ತದೆಂದು ಬಂಧುಗಳು ಗೊಣಗುತ್ತಿದ್ದರು. ಗೃಹಪ್ರವೇಶದ ದಿನ ಎಲ್ಲರೆದುರು ತುಂಬಿದ ಕೊಡ ತಂದು ಬಚ್ಚಲಲ್ಲಿ ಬಗ್ಗಿಸಿಬಿಟ್ಟೆ. ಬಾಗಿಲ ಕಡೆ ನುಗ್ಗಿದ ನೀರು ಜಾಲರಿಗಿಳಿಯಿತು. ಒಂದು ಹನಿಯೂ ಈಚೆ ಬರಲಿಲ್ಲ. ಸಿದ್ದಪ್ಪ ಮೀಸೆ ತಿರುವಿದರು!

ಹೋದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದಾಗ ಆ ಮನೆಯ ಗಂಟೆ ಒತ್ತಿದೆ. ಒಳಗೆ ಹೊಲಿಗೆ ಕಲಿಯುವ ಹುಡುಗಿಯರ ಗದ್ದಲ. ಯಾರೋ "ಅಕ್ಕಾ, ನಾನು ಬಾಗಿಲು ತೆಗೀತೀನಿ" ಎಂದದ್ದು ಕೇಳಿಸಿತು. "ನೀನು ಕೂಡ್ರು" ಎಂಬ ಉತ್ತರ ಬಂದಷ್ಟೇ ಬೇಗ ಬಾಗಿಲು ತೆರೆಯಿತು. ಬರಿಗೈಲಿ ಬಂದಿದ್ದ ರತ್ನಮ್ಮ, "ಒಳಗೆ ಬರ್ರಿ" ಎಂದರು.

ನೆಲ ಎಂಥದಿರಬೇಕು ಎಂದು ಕೇಳಲು ಬರುವವರಿಗೆ ನಾನೀಗ ಟೈಲ್ಸಿನ ಹೆಸರು ಹೇಳುವುದಿಲ್ಲ. ಯಾವ ಕೋಣೆಯಲ್ಲಿ ಯಾರು ಕೂರುತ್ತಾರೆ, ಯಾರು ಮಲಗುತ್ತಾರೆ, ಯಾರು ಅಂಬೆಗಾಲಿಡುತ್ತಾರೆ ಎಂದು ವಿಚಾರಿಸುತ್ತೇನೆ. ಅದು ತಿಳಿದ ಮೇಲೆ ಟೈಲ್ಸ್ ಆರಿಸುವುದು ಕಷ್ಟವಲ್ಲ.