ಒಡಪು ಹೇಳದ ಸೊಸೆ

ಕುಬುಸದ ಕರೆ ಬಂತೆಂದರೆ ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಬಸುರಿಗೆ ಆರತಿ ಮಾಡಿ ಮುಗಿಸಿದ ಕೂಡಲೇ ಹೆಂಗಸರೆಲ್ಲ ಸುತ್ತುಗಟ್ಟಿ ಗಂಡನ ಹೆಸರು ಹೇಳು ಎನ್ನುತ್ತಾರೆ. ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕೂಡಿದ ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಸೇರಿಸಬೇಕು. ಅದೇ ಒಡಪು. ತಿಳವಳ್ಳಿಯ ನನ್ನ ತವರಿನಲ್ಲಿ ಅವ್ವ, ಅಕ್ಕ ಪಟಪಟ ಹೇಳುತ್ತಾರೆ. ನಾನು ಮಾತ್ರ ನಾಲ್ಕು ಜನ ತಿರುಗಿ ನೋಡಿದರೆ ಸಾಕು, ಬಾಯಿ ಒಣಗಿ ನಿಲ್ಲುವವಳು.

ಸವಣೂರಿಗೆ ಸೊಸೆಯಾಗಿ ಬಂದು ಐದು ವರ್ಷ ಹೀಗೇ ತಪ್ಪಿಸಿಕೊಂಡೆ. ಒಡಪಿನ ಹೊತ್ತಿಗೆ ಸರಿಯಾಗಿ ನನಗೆ ಅಡುಗೆಮನೆಯ ಕೆಲಸ ನೆನಪಾಗುತ್ತಿತ್ತು. ತೊಳೆದ ತಾಟುಗಳನ್ನೇ ಮತ್ತೆ ತೊಳೆದಿದ್ದೇನೆ. ಬಂಧುಗಳು ಅದನ್ನು ಸೊಕ್ಕು ಅಂದರು. ಡಿಗ್ರಿ ಓದಿದ ಸೊಕ್ಕಂತೆ. ಕೇಳಿ ಮೈಯೆಲ್ಲ ಉರಿಯಿತು. ಸೊಕ್ಕಲ್ಲ, ಹೆದರಿಕೆ ಎಂದು ಹೇಳಲಾದರೂ ಬಾಯಿ ಬೇಕಲ್ಲ? ಬೈಸಿಕೊಳ್ಳುತ್ತಿದ್ದವರು ಅತ್ತೆ. "ಸೊಸಿಗೆ ನಾಕ ಮಾತ ಕಲಿಸ್ಲಿಲ್ಲೇನ್ರಿ" ಎಂದು ಅವರನ್ನೇ ಚುಚ್ಚುತ್ತಿದ್ದರು. ಅತ್ತೆ ಮಾತ್ರ ನನ್ನೆದುರು ಅದರ ಸುದ್ದಿಯನ್ನೇ ಎತ್ತಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದು.

ಹೋದ ವರ್ಷ ನಾದಿನಿಯ ಕುಬುಸಕ್ಕೆ ಅತ್ತೆಯೊಂದಿಗೆ ಶಿಗ್ಗಾವಿಗೆ ಹೊರಟಾಗ, ಈ ಸಲ ಹೇಳಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಒಂದು ವಾರ ರೊಟ್ಟಿ ಬಡಿಯುತ್ತ, ಬಟ್ಟೆ ಒಗೆಯುತ್ತ ಒಡಪನ್ನೇ ಗುನುಗಿದೆ. ಬಸ್ಸಿನಲ್ಲಿ ನನ್ನ ತುಟಿ ಆಡುವುದನ್ನು ಕಂಡು ಪಕ್ಕದ ಮುದುಕಿ, "ಜಪಾ ಮಾಡಾಕತ್ತೀಯೇನವಾ?" ಎಂದು ಕೇಳಿದಳು. ಹೂಂ ಎಂದೆ.

ಆರತಿ ಮುಗಿಯಿತು. ಎಲ್ಲರೂ ನನ್ನತ್ತ ತಿರುಗಿದರು. ಕಾಲು ಅಡುಗೆಮನೆಯ ಕಡೆಗೇ ಎಳೆಯುತ್ತಿತ್ತು. ಸೆರಗಿನ ಚುಂಗು ಗಟ್ಟಿಯಾಗಿ ಹಿಡಿದು, "ಸವಣೂರ ತ್ವಾಟದಾಗ ಚಿಗತೈತಿ ಎಲಿಬಳ್ಳಿ" ಎಂದೆ. ಎರಡನೆಯ ಸಾಲು ನಾಪತ್ತೆ. ನಿಂತೆ, ಬೆವರಿದೆ, ಕೊನೆಗೆ ಗಂಡನ ಹೆಸರನ್ನು ಶಾಲೆಯಲ್ಲಿ ಹಾಜರಿ ಕೂಗಿದಂತೆ ಕೂಗಿಬಿಟ್ಟೆ.

ಪಡಸಾಲೆಯೆಲ್ಲ ನಕ್ಕಿತು. "ಹಿಂಗ ಕೂಗಿದ್ರ ಅಂವ ಸವಣೂರಿಂದ ಓಡಿ ಬಂದಾನು" ಎಂದಳು ಒಬ್ಬಾಕೆ. ನನಗೂ ನಗು ಬಂತು. ಐದು ವರ್ಷ ಹೆದರಿದ್ದು ಇಷ್ಟಕ್ಕೇ ಎಂದು ಸಿಟ್ಟೂ ಬಂತು.

ಸರದಿ ಮುಂದೆ ಹೋಯಿತು. ಎಲ್ಲರನ್ನೂ ಕೇಳಿದರು, ಬಾಗಿಲ ಬಳಿ ಕುಳಿತಿದ್ದ ಅತ್ತೆಯೊಬ್ಬರನ್ನು ಬಿಟ್ಟು. ನಾನು ಸೊಸೆಯಾಗಿ ಬರುವ ಮೊದಲೇ ಮಾವ ತೀರಿಹೋಗಿದ್ದರು; ಅಂದಿನಿಂದ ಅವರನ್ನು ಯಾರೂ ಕೇಳುವುದಿಲ್ಲ. ಗಂಡನಿಲ್ಲದವರಿಗೆ ಒಡಪಿಲ್ಲ ಎನ್ನುವುದು ಪದ್ಧತಿ. ಅಡುಗೆಮನೆಯಲ್ಲಿ ಅಡಗುತ್ತಿದ್ದ ನಾನು ಇದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

"ನಮ್ಮ ಅತ್ತಿಯವ್ರನ್ನ ಕೇಳಲಿಲ್ಲಲ್ರಿ" ಎಂದೆ.

ನಗು ನಿಂತಿತು. ನಾನು ಇಷ್ಟು ವರ್ಷ ಹೆದರಿದ್ದು ಇಂಥ ಮೌನಕ್ಕೇ. ಪಕ್ಕದವರು ನನ್ನ ತೊಡೆ ಚಿವುಟಿದರು. ಎದ್ದು ಓಡಬೇಕೆನಿಸಿತು. ಓಡಲಿಲ್ಲ. "ಹೇಳ್ರಿ ಅತ್ತಿ" ಎಂದೆ ಮತ್ತೊಮ್ಮೆ.

ಅತ್ತೆ ಸೆರಗು ಸರಿಮಾಡಿಕೊಂಡರು. ಎಲ್ಲಿಯೂ ತಡವರಿಸದೆ ಎರಡು ಸಾಲು ಹೇಳಿ, ಮಾವನ ಹೆಸರನ್ನು ಮೆಲ್ಲಗೆ ಸೇರಿಸಿದರು. ಆಮೇಲೆ ನನ್ನ ಕಡೆ ನೋಡಿ, "ಏಳ ವರ್ಷ ಆತವ್ವ, ಈ ಹೆಸರ ಬಾಯಾಗ ಬಂದು" ಎಂದರು.