ಕೈ ಕಟ್ಟಿಕೊಂಡು ಕುಳಿತ ಜೋಲಿ

ಹಗಲೆಲ್ಲ ಅವಳು ಸೋಫಾ, ಕುರ್ಚಿಗಳ ದಪ್ಪ ಬಟ್ಟೆ ಹೊಲಿಯುವವಳು. ಸಂಜೆಯಾದರೆ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿನಿ. ಅವಳ ತಂಡದಲ್ಲಿದ್ದ ಇಬ್ಬರೂ ಅವಳಿಗಿಂತ ಬಹಳ ಚಿಕ್ಕವರು, ಬಾಯ್ತುಂಬ ‘ಅಕ್ಕ’ ಎನ್ನುವವರು. ಒಬ್ಬ ವೆಲ್ಡಿಂಗ್‌ನಲ್ಲಿ ಪಳಗಿದವನು, ಎಲ್ಲರ ಬಾಯಲ್ಲೂ ಉದ್ದಣ್ಣ. ಇನ್ನೊಬ್ಬಳು ಲೆಕ್ಕದಲ್ಲಿ ಚುರುಕಾದ ಹುಡುಗಿ. ನಡೆಯಲಾರದವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವ ಯಂತ್ರವನ್ನು ಮೂವರೂ ಸೇರಿ ಕಟ್ಟಿದ್ದರು: ಕಬ್ಬಿಣದ ಚೌಕಟ್ಟು, ತಿರುಗಿಸಲೊಂದು ಹಿಡಿ, ತೂಗುವ ಬಟ್ಟೆಯ ಜೋಲಿ. ಜೋಲಿ ಅವಳ ಕೈಕೆಲಸ. ಅವಳ ಹೊಲಿಗೆ ಬಿಚ್ಚಿತೆಂದು ದೂರಿದವರು ಈವರೆಗೆ ಹುಟ್ಟಿಲ್ಲ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಆದರೆ ಪರೀಕ್ಷೆಯ ದಿನ, ಲಕ್ವ ಹೊಡೆದು ಮಲಗಿದ್ದ ಡ್ರೈವರ್ ತಾತನ ಕೋಣೆಗೆ ಕಾಲಿಟ್ಟಾಗ ಅವಳ ಕಣ್ಣು ಮೊದಲು ನೆಲಕ್ಕೆ ಹೋಯಿತು. ಮಂಚದ ಕೆಳಗೆ ಬರಿಯ ಸಿಮೆಂಟು ನೆಲ. ಪಕ್ಕದಲ್ಲೇ ಕಬ್ಬಿಣದ ಪೆಟ್ಟಿಗೆಯ ಚೂಪು ಮೂಲೆ. ಬಿದ್ದರೆ? ಅಂಕ ಹಾಕಲು ಬಂದ ಮೇಷ್ಟ್ರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

“ಲೈಸೆನ್ಸ್ ಇದೆಯೇನಮ್ಮ ನಿಮ್ಮ ಗಾಡಿಗೆ?” ಸೊಟ್ಟ ಬಾಯಲ್ಲೇ ತಾತ ನಕ್ಕರು.

“ಇವರ ಬಾಯಿಗೊಂದು ಬ್ರೇಕ್ ಹಾಕಿ ಮೊದ್ಲು,” ಎಂದಳು ಅಜ್ಜಿ. ಆದರೂ ಗಂಡನ ಹೆಗಲಿನಿಂದ ಅವಳ ಕೈ ಸರಿಯಲೊಲ್ಲದು.

ಉದ್ದಣ್ಣ ಹಿಡಿ ತಿರುಗಿಸಿದ. ಜೋಲಿ ಬಿಗಿಯಾಗಿ ತಾತನ ಬೆನ್ನು ಹಾಸಿಗೆಯಿಂದ ಚೂರು ಎದ್ದಿತು. ಅವರ ಬಲಗೈ ಹೊರಜಾರಿ ಹಿಂಡದ ಬಟ್ಟೆಯಂತೆ ಜೋತುಬಿತ್ತು.

ಅದನ್ನು ಕಂಡದ್ದೇ ತಡ, ಅವಳಿಗೆ ತಪ್ಪು ಹೊಳೆಯಿತು. ಕಾಲೇಜಿನಲ್ಲಿ ಇವರು ಒಬ್ಬರನ್ನೊಬ್ಬರು ಎಷ್ಟು ಸಲ ಎತ್ತಿಲ್ಲ! ಪ್ರತಿ ಸಲವೂ ಕುಳಿತವರು ತಮಗರಿವಿಲ್ಲದೆಯೇ ಜೋಲಿಯ ಎರಡೂ ಪಟ್ಟಿಗಳನ್ನು ಬಿಗಿಹಿಡಿದಿದ್ದರು. ಅರ್ಧ ಭಾರ ಹೊತ್ತದ್ದು ಜೋಲಿಯಲ್ಲ, ಅವರ ಗಟ್ಟಿ ತೋಳು. ಹೊಲಿಗೆಯೇನೋ ನಿಂತೀತು. ಕೈ ಸೋತ ಮನುಷ್ಯ ಅದರಲ್ಲಿ ನಿಲ್ಲುತ್ತಾನೆಯೇ?

ಈಗ ತಡೆದರೆ ಮೂವರ ವರ್ಷವೂ ನೀರುಪಾಲು.

“ಇಳಿಸು!” ಎಂದಳು ಅವಳು.

“ಅಕ್ಕಾ, ಸುಮ್ನಿರಿ, ಸರ್ ನೋಡ್ತಿದಾರೆ,” ಹುಡುಗಿ ಪಿಸುಗುಟ್ಟಿದಳು.

“ನೋಡ್ಲಿ. ಇಳಿಸೋ ಅಂದೆ!”

ತಾತನನ್ನು ಮಲಗಿಸಿದ ಮೇಲೆ ಅವಳು ಯಂತ್ರವನ್ನು ಕೋಣೆಯ ನಡುವಿಗೆ ಎಳೆಸಿದಳು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಯೊಂದನ್ನು ಕೆಳಗೆ ಹಾಸಿ, ಜೋಲಿಯೊಳಗೆ ತಾನೇ ಕುಳಿತು, ಹುಡುಗಿಯತ್ತ ಟವೆಲು ಚಾಚಿದಳು. “ಕಟ್ಟು ನನ್ನ ಕೈ.”

ಹಿಡಿ ತಿರುಗಿತು. ನೆಲ ಬಿಟ್ಟ ಕ್ಷಣವೇ ಸೊಂಟ ಜಾರಿತು, ಪಟ್ಟಿ ಕಂಕುಳನ್ನು ಕೊಯ್ಯುವಂತೆ ಒತ್ತಿತು. ಏನನ್ನಾದರೂ ಹಿಡಿಯಲು ಜೀವವೆಲ್ಲ ಬೆರಳಿಗೆ ನುಗ್ಗಿತು, ಬೆರಳಿಗೆ ದಾರಿಯಿರಲಿಲ್ಲ. ಕೂಗಲು ಉಸಿರಿಲ್ಲ. ಹರಿದ ಚೀಲದಿಂದ ಕಾಳು ಸುರಿದಂತೆ ಅವಳು ದೊಪ್ಪನೆ ಹಾಸಿಗೆಯ ಮೇಲೆ ಬಿದ್ದಳು.

“ಇವತ್ತು ಅಂಕ ಹಾಕಲಾರೆ,” ಎಂದು ಮೇಷ್ಟ್ರು ಹೊರಟರು. ಉದ್ದಣ್ಣನ ಮುಖ ಸುಣ್ಣದ ಗೋಡೆಯಂತಾಗಿತ್ತು.

ತಾತ ನೆಲದ ಮೇಲಿನ ಆ ಹಾಸಿಗೆಯನ್ನೇ ನೋಡುತ್ತಿದ್ದರು. ನಗುವಿರಲಿಲ್ಲ. “ನನಗೆ ಅದನ್ನ ಯಾರು ಹಾಸಿದ್ರಮ್ಮ?”

ಅವಳು ಹುಡುಗಿಯಿಂದ ಕೈಯ ಗಂಟು ಬಿಚ್ಚಿಸಿಕೊಂಡು ಎದ್ದಳು. “ಸರಿಮಾಡಿ ತರ್ತೀವಿ,” ಎಂದಳು. “ಬೇಡ ಅಂದ್ರೆ ಬರಲ್ಲ.”

ಅಜ್ಜಿ ಗಂಡನ ಮುಖ ನೋಡಿದಳು. ತಾತ ಎಡಗೈಯೆತ್ತಿ ಜೋಲಿಯತ್ತ ತೋರಿಸಿದರು.

“ಬನ್ನಿ. ಆದ್ರೆ ಇಲ್ಲಿ, ನನ್ನ ಕಣ್ಮುಂದೆ, ಮೊದ್ಲು ನೀನೇ ಕೂತ್ಕೋಬೇಕು. ಹೀಗೇ ಕೈ ಕಟ್ಕೊಂಡು.”

“ಆಗಲಿ,” ಎಂದಳು. ಆಮೇಲೆ ಜೋಲಿಯನ್ನು ಚೌಕಟ್ಟಿನಿಂದ ಬಿಚ್ಚತೊಡಗಿದಳು.